ಮಗಳನ್ನು ಕೇಳಬೇಕಿತ್ತು

ಯಾರು ಮಾತಾಡಿದರೂ ನಮ್ಮ ಮಾವನವರು ಅವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ತುಟಿಗಳೂ ಸದ್ದಿಲ್ಲದೆ ಆಡತೊಡಗುತ್ತಿದ್ದವು. ಎದುರಿನವರು ತುಟಿ ಚಾಚಿದರೆ ಇವರದೂ ಚಾಚುತ್ತಿತ್ತು. ನನ್ನನ್ನು ನೋಡಲು ನಾಗಮಂಗಲದ ಹತ್ತಿರದ ನಮ್ಮೂರಿಗೆ ಬಂದ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತವರು ನನ್ನ ಬಾಯನ್ನೇ ದಿಟ್ಟಿಸಿದರು. ಹಲ್ಲಿಗೆ ಕೊತ್ತಂಬರಿ ಸೊಪ್ಪೇನಾದರೂ ಮೆತ್ತಿಕೊಂಡಿದೆಯೇನೋ ಎಂದು ನನಗೆ ಜೀವ ಹೋದಂತಾಯಿತು. ನಾಲಿಗೆಯಿಂದ ಹಲ್ಲು ಸವರಿಕೊಂಡೆ. ಅವರು ಅದನ್ನೂ ನೋಡಿದರು. ಹೊರಡುವಾಗ ನಮ್ಮಪ್ಪನಿಗೆ, "ಉಡ್ಗಿ ಬಾಯಲ್ಲಿ ಳಕಾರ ಸೊಗಸಾಗಿ ಬತ್ತದೆ ಕಣ್ರೀ" ಎಂದರಂತೆ. "ಇವ್ರೇನ್ ಸೊಸೆ ಉಡುಕ್ತಾವ್ರೋ, ನಾಟ್ಕಕ್ಕೆ ಜನ ಉಡುಕ್ತಾವ್ರೋ" ಎಂದು ನಮ್ಮಪ್ಪ ಮದುವೆ ಮುಗಿಯುವ ತನಕ ಗೊಣಗುತ್ತಲೇ ಇದ್ದರು.

ಮದುವೆಯಾಗಿ ಪಾಂಡವಪುರಕ್ಕೆ ಬಂದ ಮೇಲೆ ಗೊತ್ತಾಯಿತು, ಅದು ಅವರ ಚಾಳಿ. ಹಾಲಿನವನಿರಲಿ, ಗ್ಯಾಸಿನವನಿರಲಿ, ಬಾಯಿ ತೆರೆದರೆ ಸಾಕು, ಮಾವನವರ ತುಟಿ ಆಡಲು ಶುರು. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವರು. ಹುಟ್ಟಿದ್ದು ಚಿನಕುರಳಿ ಹತ್ತಿರದ ಹಳ್ಳಿಯಲ್ಲಿ. ಅಲ್ಲಿನ ಗದ್ದೆಯನ್ನು ತಮ್ಮನಿಗೆ ಒಪ್ಪಿಸಿ ಪೇಟೆಯಲ್ಲಿ ಮನೆ ಕಟ್ಟಿಸಿದ್ದಕ್ಕೆ ಅವರು ಕೊಡುತ್ತಿದ್ದ ಕಾರಣ ಕಲ್ಲುಗಣಿಯ ಸದ್ದು. ಊರಿನಲ್ಲಿ ಕಲ್ಲು ಸಿಡಿಸಿದಾಗಲೆಲ್ಲ ಅವರ ಟೇಪಿನ ದನಿಗಳು ಕೇಳುತ್ತಿರಲಿಲ್ಲವಂತೆ. ಪೇಟೆಗೆ ಬಂದರೆ ಇಲ್ಲಿ ನಮ್ಮತ್ತೆಯ ಮಿಕ್ಸಿ. ಅದು ಗುರ್ರೆಂದ ಕೂಡಲೇ ರೂಮಿನೊಳಗಿಂದ ಹೊಟ್ಟೆನೋವು ಬಂದವರ ಹಾಗೆ ಒಂದು ನರಳಾಟ ಕೇಳುತ್ತಿತ್ತು.

ಟೇಪಿನಲ್ಲಿದ್ದದ್ದು ಆಫ್ರಿಕಾದ ದನಿಗಳು. ಇಥಿಯೋಪಿಯಾದ ಹೊಸ ಕಾಲೇಜುಗಳಿಗೆ ಇಲ್ಲಿಂದ ಮೇಷ್ಟರುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಮಾವನವರೂ ಹೋಗಿ ಕೆಲವು ವರ್ಷ ಇದ್ದು ಬಂದಿದ್ದರು. ಅತ್ತೆಯ ಲೆಕ್ಕದಲ್ಲಿ ಅದು ದುಬೈ ಪಕ್ಕದ ಊರು. ಗಂಡ ಬಂಗಾರ ತರುತ್ತಾರೆಂದು ಕಾದರೆ ಅವರು ಇಳಿಸಿದ್ದು ಹಸಿ ಕಾಫಿಬೀಜದ ಒಂದು ಚೀಲ ಮತ್ತು ಪೆಟ್ಟಿಗೆ ತುಂಬ ಟೇಪು. "ಒಂದು ಮೂಗ್ಬಟ್ಟಾದ್ರೂ ತರ್ಬಾರ್ದಾ?" ಎಂದು ಅತ್ತೆ ಕೊನೆಯವರೆಗೂ ಹಂಗಿಸುತ್ತಿದ್ದರು. "ನೀನು ದಿನಾ ತಿನ್ನೋ ಮುದ್ದೆ ಅಲ್ಲಿಂದ್ಲೇ ಬಂದಿರೋದು ಕಣೇ. ರಾಗಿ ಅವ್ರ ಕಡೇದು. ಇನ್ನೇನ್ ತರ್ಲಿ?" ಎಂದು ಇವರು.

ಅಲ್ಲಿ, ಸುಡಾನಿನ ಗಡಿಗೆ ಹತ್ತಿರದ ಗುಡ್ಡಗಳಲ್ಲಿ, ಒಂದು ಪುಟ್ಟ ಭಾಷಾಕುಟುಂಬವಿದೆಯಂತೆ. ಹೊರಗಿನವರು ಹೆಚ್ಚು ನೋಡದ, ಹೆಚ್ಚು ಬರೆಯದ ಭಾಷೆಗಳು. ನಾಲ್ಕು ಒಡಹುಟ್ಟಿದವು ಎಂದು ತಿಳಿದವರು ಒಪ್ಪಿದ್ದರು. ಐದನೆಯದೊಂದರ ವಿಷಯ ಮಾತ್ರ ಇತ್ಯರ್ಥವಾಗಿರಲಿಲ್ಲ. ಅದು ಇದೇ ಮನೆಯದೋ, ಬೇರೆ ಎಲ್ಲಿಂದಲೋ ಬಂದು ಪಕ್ಕದಲ್ಲಿ ನೆಲೆಸಿದ್ದೋ? ಅದನ್ನು ತೀರ್ಮಾನಿಸುವುದೇ ಮಾವನವರು ತಲೆಗೆ ಹಚ್ಚಿಕೊಂಡ ಕೆಲಸ.

ಡೈರಿ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ನಿಂತವರು ಅವರನ್ನು ಕೆಣಕುತ್ತಿದ್ದರು. "ಸಾ, ಯಾವ್ದೋ ದೇಸದ ಭಾಸೆ ಯಾರಿಗೆ ಅಣ್ಣನೋ ತಮ್ಮನೋ, ಕಟ್ಕಂಡು ನಿಮಗೇನಾಗ್ಬೇಕು?"

"ಸಂತೇಲಿ ಒಂದ್ ಮಗ ಅಳ್ತಾ ನಿಂತಿದ್ರೆ, ಯಾರ ಮನೇದ್ಲಾ ಇದು ಅಂತ ಕೇಳಾಕಿಲ್ವಾ ನೀನು?"

"ಕೇಳ್ತೀನಿ."

"ಅಷ್ಟೇ ಕಣ್ಲಾ ನನ್ ಕೆಲ್ಸ."

ಹೇಗೆ ಪತ್ತೆ ಮಾಡುತ್ತೀರಿ ಎಂದು ನಾನೇ ಒಮ್ಮೆ ಕೇಳಿದ್ದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು, ಕುತೂಹಲವಿತ್ತು. ಅವರು ಪುಸ್ತಕ ತೆಗೆಯಲಿಲ್ಲ. "ಇಬ್ರು ಒಂದೇ ತರ ಕಂಡ್ರೆ ಅಣ್ತಮ್ಮಂದ್ರೇ ಆಗ್ಬೇಕಿಲ್ಲ ಕಣವ್ವ. ಎಣ್ಣು ಕೊಟ್ಟು ಎಣ್ಣು ತಂದು, ಎರಡು ಮನೆ ಒಂದೇ ತರ ಆಗೋಗಿರ್ತವೆ. ಯಾರು ಯಾರು ಅಂತ ಸಾವಾದಾಗ ತಿಳೀತದೆ. ನಂಟ ಬಂದು ಮಣ್ಣಾಕಿ, ತಲೆಗೆ ನೀರಾಕ್ಕಂಡು ಓಯ್ತಾನೆ. ಅಣ್ತಮ್ಮ ಸೂತ್ಕ ಕಳಿಯೋಗಂಟ ಕೂತಿರ್ತಾನೆ. ಭಾಷೇಲೂ ಅಂಗೇಯ. ಸಂತೇಲಿ ಕೈ ಬದ್ಲಾಯ್ಸೋ ಪದಗಳ್ನ ನಂಬ್ಬಾರ್ದು. ಕಣ್ಣು, ಹಲ್ಲು, ನೀರು, ಬೆಂಕಿ, ಇವ್ನ ಯಾರೂ ಸಂತೇಲಿ ತರಾಕಿಲ್ಲ. ಇವೇ ಸೂತ್ಕಕ್ಕೆ ಕೂರೋ ಪದಗಳು." ಇದನ್ನು ನಾನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇವತ್ತಿಗೂ ಹಾಗೇ ಹೇಳಿಕೊಡುತ್ತೇನೆ. ಒಬ್ಬರಿಗೂ ಅರ್ಥವಾಗದೆ ಹೋಗಿಲ್ಲ.

ಆ ಐದನೆಯ ಭಾಷೆಯ ಸೂತಕದ ಪದಗಳು ಉಳಿದ ನಾಲ್ಕಕ್ಕೆ ತಾಳೆಯಾಗಲಿಲ್ಲ. ಕಣ್ಣಿಗೆ ಬೇರೆ, ನೀರಿಗೆ ಬೇರೆ, ಬೆಂಕಿಗೂ ಬೇರೆ. ಮಾವನವರು ವರ್ಷಗಟ್ಟಲೆ ಟೇಪು ತಿರುಗಿಸಿ ತಿರುಗಿಸಿ ಕೇಳಿ, ಐದನೆಯದು ಈ ಕುಟುಂಬಕ್ಕೆ ಸೇರಿದ್ದಲ್ಲ ಎಂದು ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದು ಹೊರದೇಶದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಟೈಪು ಮಾಡಿದವಳು ನಾನು. ಅವರ ಕೈ ನಡುಗುತ್ತಿದ್ದರಿಂದ ಈಮೇಲು ನೋಡುವ ಕೆಲಸವೂ ನನಗೇ ಬಂತು. ಪ್ರಪಂಚದಲ್ಲಿ ಯಾರಾದರೂ ತಮ್ಮ ಬರಹದಲ್ಲಿ ಇವರ ಲೇಖನವನ್ನು ಆಧಾರವಾಗಿ ಹೆಸರಿಸಿದರೆ ನಮಗೊಂದು ಮೇಲು ಬರುತ್ತದೆ. ಮೊದಲನೆಯದು ಬಂದ ದಿನ ಮಾವನವರು ಪಂಚೆ ಎತ್ತಿಕಟ್ಟಿಕೊಂಡು ತಾವೇ ಬೇಕರಿಗೆ ಹೋಗಿ ಮನೆಮಂದಿಗೆಲ್ಲ ಖಾರ ಬನ್ನು ತಂದರು. ಆಮೇಲೆ ಅದೇ ವಾಡಿಕೆಯಾಯಿತು. ಮೇಲು ಬಂದರೆ ಬನ್ನು. ಕೆ.ಆರ್.ಎಸ್.ನ ನೀರಾವರಿ ಆಫೀಸಿನಿಂದ ಸಂಜೆ ಬರುತ್ತಿದ್ದ ನಮ್ಮ ಯಜಮಾನರು ಬಾಗಿಲಲ್ಲೇ ಮೂಗರಳಿಸಿ, "ಏನ್ ಇವತ್ತು ಜರ್ಮನಿಯೋ, ಜಪಾನೋ?" ಎನ್ನುತ್ತಿದ್ದರು.

ಆ ಸುಖ ಮುಗಿದದ್ದು ಒಂದು ಗೌರಿಹಬ್ಬದ ಮಾರನೆ ದಿನ. ಆ ದಿನದ ಮಾತು ಹೇಳುವ ಮೊದಲು ಇನ್ನೊಂದು ಹೇಳಬೇಕು. ಮಾವನವರ ಹೆಸರಿನಲ್ಲಿ ದಿನಬಳಕೆಯ ಒಂದು ಪದ ಅಡಗಿದೆ, ಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಬರುವಂಥದ್ದು. ನಮ್ಮತ್ತೆ ಆ ಪದವನ್ನು ಒಮ್ಮೆಯೂ ಆಡಿದವರಲ್ಲ. ಗಂಡನ ಹೆಸರಾಗಿಬಿಡುತ್ತದಲ್ಲ! ಅದರ ಬದಲಿಗೆ ಬೇರೊಂದು ಪದ ಹುಟ್ಟಿಸಿಕೊಂಡಿದ್ದರು. ಹೊಸದಾಗಿ ಬಂದ ನಾನು ಅದು ಪಾಂಡವಪುರದ ಕಡೆಯ ಮಾತಿರಬೇಕು ಎಂದುಕೊಂಡು ಕಲಿತೆ. ನನ್ನ ಮಗಳು ಅಜ್ಜಿಯಿಂದ ಕಲಿತು ಸ್ಕೂಲಿನಲ್ಲಿ ಆಡಿ ನಗೆಪಾಟಲಾದಳು. ಅದೇನು ಪದ ಎಂದು ನೀವು ಕೇಳಬಹುದು. ಹೇಳಿದರೆ ಹೆಸರು ಹೇಳಿದ ಹಾಗಾಯಿತು, ಬಿಡಿ.

ಆ ದಿನ ಮನೆಮನೆ ಸಮೀಕ್ಷೆಗೆ ಒಬ್ಬರು ಮೇಷ್ಟ್ರು ಬಂದರು. ಮಾವನವರು ಜಗಲಿಯ ಕುರ್ಚಿಯಲ್ಲಿ ಕಾಫಿ ಕುಡಿಯುತ್ತ, ವಾಡಿಕೆಯಂತೆ ಬಂದವರ ಬಾಯಿ ನೋಡುತ್ತ ಕೂತಿದ್ದರು. ಕೆ.ಆರ್.ಪೇಟೆಗೆ ಕೊಟ್ಟಿದ್ದ ನಾದಿನಿ ಹಬ್ಬಕ್ಕೆಂದು ಬಂದವಳು ಅಡುಗೆಮನೆಯಲ್ಲಿದ್ದಳು.

"ಮನೆ ಯಜಮಾನ್ರ ಎಸ್ರು ಯೋಳಿ ತಾಯಿ" ಎಂದರು ಮೇಷ್ಟ್ರು.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ರೀ, ನಿಮ್ಮೆಸ್ರು ಕೇಳ್ತಾವ್ರೆ ನೋಡಿ" ಎಂದರು.

"ನೀವೇ ಯೋಳಿ ತಾಯಿ, ಪರ್ವಾಗಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ನಾನು ಬಿ.ಎಡ್. ಮಾಡಿದವಳು, ಶಾಲೆಯಲ್ಲಿ ನೂರು ಜನರ ಮುಂದೆ ಭಾಷಣ ಮಾಡುವವಳು. ಎಷ್ಟು ಅರ್ಜಿಗಳಲ್ಲಿ ಅವರ ಹೆಸರು ಬರೆದಿಲ್ಲ ನಾನು! ಆದರೆ ಅವರು ಎದುರಿಗೇ ಕೂತಿದ್ದಾರೆ, ನಾಲಿಗೆ ಮೇಲೆ ಏಳಬೇಕಲ್ಲ? "ಬರ್ದು ಕೊಡ್ತೀನಿ ಸಾರ್" ಎಂದು ಪೆನ್ನು ಹುಡುಕತೊಡಗಿದೆ. ಅಷ್ಟರಲ್ಲಿ ನಾದಿನಿ ಕೈ ಒರೆಸಿಕೊಳ್ಳುತ್ತ ಬಂದು, "ಅಯ್ಯೋ, ಈ ಅತ್ತೆ ಸೊಸೇರ ನಾಟ್ಕ ನೋಡಾಕಾಗಾಕಿಲ್ಲ. ಬರ್ಕಳಿ ಸಾರ್" ಎಂದು ಅಪ್ಪನ ಹೆಸರನ್ನು ಇನಿಶಿಯಲ್ ಸಮೇತ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದಳು. ಎಲ್ಲರೂ ನಕ್ಕೆವು.

ಮಾವನವರು ನಗಲಿಲ್ಲ. ಮೇಷ್ಟ್ರು ಮುಂದಿನ ಪ್ರಶ್ನೆ ಕೇಳಿದರು. ಉತ್ತರದಲ್ಲಿ ಅತ್ತೆಯ ಆ ಬದಲಿ ಪದ ಬಂತು. ಮೇಷ್ಟ್ರಿಗೆ ಅರ್ಥವಾಗಲಿಲ್ಲ, "ಏನಂದ್ರಿ?" ಎಂದರು. ಆಗ ನೋಡಿದೆ, ಮಾವನವರ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತ್ತು.

"ಲೇ, ಏನಂದೆ ನೀನೀಗ?"

ಅತ್ತೆ ಪದವನ್ನು ಮತ್ತೆ ಹೇಳಿದರು.

"ಮದ್ವೆ ಆದಾಗ್ನಿಂದ್ಲೂ ಅಂಗೇ ಅಂತಿದ್ದೀಯಾ?"

"ಇನ್ನೇನನ್ಬೇಕು? ನಿಮ್ಮೆಸ್ರು ಇಡ್ಕಂಡು ಕೂಗ್ಲಾ?"

ಅವರು ಲೋಟ ಕೆಳಗಿಟ್ಟು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ನಾನು ಹೋಗಿ ನೋಡಿದರೆ ಟೇಪು ಹಾಕದೆ ಸುಮ್ಮನೆ ಅದರ ಮುಂದೆ ಕೂತಿದ್ದರು. "ಕೆಟ್ಟೆ ಕಣವ್ವ" ಎಂದರು. "ಸೊಸೇನ ಕೇಳ್ಬುಟ್ಟೆ. ಮಗಳ್ನ ಕೇಳ್ಬೇಕಿತ್ತು."

ಆ ಐದನೆಯ ಭಾಷೆಯ ಊರಿಗೆ ಅವರು ಹೋಗಿದ್ದು ಒಂದೇ ಸಲ. ದಾರಿ ಕೆಟ್ಟದ್ದು, ಹೆಚ್ಚು ದಿನ ಉಳಿಯುವಂತಿರಲಿಲ್ಲ. ಗಂಡಸರೆಲ್ಲ ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದರು. ಆ ಮನೆಯಲ್ಲಿ ಇದ್ದದ್ದು ಒಳಗೆ ಮಲಗಿದ್ದ ಮುದುಕ, ಒಲೆಯ ಮುಂದೆ ಕಾಫಿಬೀಜ ಹುರಿಯುತ್ತಿದ್ದ ಅವನ ಸೊಸೆ. ಒಳ್ಳೆಯ ಹೆಂಗಸು, ಕಾಫಿ ಕೊಟ್ಟಳು, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದಳು. "ಕೆಲವು ಪದಕ್ಕೆ ಒಂಚೂರು ತಡೀತಿದ್ಲು ಕಣವ್ವ. ಮೊಕ ಒಳಬಾಗ್ಲ ಕಡೆ ತಿರುಗ್ಸೋಳು. ನಾನೇನಂದೆ ಗೊತ್ತಾ? ಬಾಯಿ ಕಾಣಾಕಿಲ್ಲ ತಾಯಿ, ಈ ಕಡೆ ತಿರುಗು ಅಂದೆ. ಬಾಯಿ ನೋಡ್ಕಂಡು ಕೂತ್ಕಂಡೆ. ಕಣ್ಣು ನೋಡ್ಲಿಲ್ಲ."

ಮಾರನೆ ದಿನವೇ ಅವರು ಅಲ್ಲಿಯ ತಮ್ಮ ಹಳೆಯ ಶಿಷ್ಯನಿಗೆ ಫೋನು ಹಚ್ಚಿದರು. ಆತ ಈಗ ಅಲ್ಲೇ ಕಾಲೇಜಿನಲ್ಲಿ ಮೇಷ್ಟ್ರು. ಆತ ತನ್ನ ತಾಯಿಯನ್ನು ಕೇಳಿ ತಿರುಗಿ ಫೋನು ಮಾಡಿದ. ಹೌದಂತೆ. ಮಾವನ ಹೆಸರು ಯಾವ ದನಿಯಿಂದ ಶುರುವಾಗುತ್ತದೋ ಆ ದನಿಯ ಒಂದು ಪದವನ್ನೂ ಸೊಸೆಯಾದವಳು ಆಡುವುದಿಲ್ಲವಂತೆ. ಬೇರೆ ಪದ ಕಟ್ಟಿಕೊಳ್ಳುತ್ತಾಳೆ, ಇಲ್ಲವೇ ತವರಿನ ಕಡೆಯ ಪದ ತರುತ್ತಾಳೆ. ಮೊದಲೇ ಯಾಕಪ್ಪ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲವಲ್ಲ ಸರ್. ನಿಮ್ಮ ದೇಶದಲ್ಲೂ ಹೀಗೇ ಎಂದು ನೀವೇ ಒಂದು ಸಲ ಹೇಳಿದ್ದಿರಿ" ಎಂದನಂತೆ.

ಬರೀ ಲೇಖನ ತಪ್ಪಾಗಿದ್ದರೆ ಅವರು ಅಷ್ಟು ಕುಗ್ಗುತ್ತಿರಲಿಲ್ಲ. ಆ ಶಿಷ್ಯ ಮತ್ತು ಜೊತೆಯವರು ಆ ನಾಲ್ಕು ಭಾಷೆಗಳ ಮಕ್ಕಳಿಗೆ ಒಂದೇ ಬಗೆಯ ಅಕ್ಷರದಲ್ಲಿ ಓದುವ ಪುಸ್ತಕ ಮಾಡಿದ್ದರು. ಐದನೆಯದನ್ನು ಕೈಬಿಟ್ಟಿದ್ದರು. "ಅದು ಹೊರಗಿನದು ಎಂದು ನೀವೇ ಬರೆದಿದ್ದೀರಲ್ಲ ಸರ್." ಆ ಹೆಂಗಸಿನ ಊರಿನ ಮಕ್ಕಳು ಮನೆಯ ಮಾತಿನ ಒಂದಕ್ಷರವೂ ಇಲ್ಲದೆ ಸ್ಕೂಲಿಗೆ ಹೋಗುತ್ತಿದ್ದರು. ಕಾಫಿ ಕೊಟ್ಟವಳ ಮೊಮ್ಮಕ್ಕಳನ್ನೇ ಪಂಕ್ತಿಯಿಂದ ಎಬ್ಬಿಸಿದ ಹಾಗಾಯಿತಲ್ಲ ಎಂದು ಅವರು ಒದ್ದಾಡಿದರು.

ತಿದ್ದುಪಡಿ ಹಾಕಿಸೋಣವೆಂದರೆ ಆ ಪತ್ರಿಕೆಯೇ ನಿಂತುಹೋಗಿತ್ತು. "ಐದನೇದೂ ಅದೇ ಮನೇದು ಅಂತ ಇನ್ನೊಂದು ಲೇಖನ ಬರೆದುಬಿಡಿ ಮಾವ, ನಾನು ಟೈಪ್ ಮಾಡ್ತೀನಿ" ಎಂದೆ. ರೇಗಿದರು. "ಗೊತ್ತಿಲ್ದೆ ಒರಗಾಕ್ದೆ, ಈಗ ಗೊತ್ತಿಲ್ದೆ ಒಳಗಾಕ್ಲಾ? ಆ ಮನೆ ಮಗಳು ಬಾಯಿ ಬುಡೋಗಂಟ ನನಗೇನೂ ಗೊತ್ತಿಲ್ಲ." ಆ ಮನೆಯಲ್ಲಿ ಹುಟ್ಟಿದವಳು ಅಪ್ಪನ ಹೆಸರಿಗೆ ಹೆದರಬೇಕಾಗಿರಲಿಲ್ಲ, ನಮ್ಮ ನಾದಿನಿಯ ಹಾಗೆ.

ಶಿಷ್ಯ ಪುಣ್ಯಾತ್ಮ. ಬಸ್ಸಿಳಿದು ನಡೆದು ಆ ಊರಿಗೆ ಹೋದ. ಆ ಹೆಂಗಸು ಇನ್ನೂ ಇದ್ದಳು. ಮುದುಕ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಈಗಲಾದರೂ ಆ ಪದಗಳನ್ನು ಹೇಳಮ್ಮ ಎಂದರೆ, "ಬದುಕಿದ್ದಾಗಲೇ ಆಡಲಿಲ್ಲ, ಸತ್ತವರಿಗೆ ಇನ್ನೂ ಹೆಚ್ಚು ಮರ್ಯಾದೆ ಬೇಡವೇ" ಎಂದು ನಕ್ಕಳಂತೆ. ಮುದುಕನ ಮಗಳನ್ನು ಗಡಿಯ ಹತ್ತಿರ ಹೊಳೆಯಾಚೆಯ ಊರಿಗೆ ಕೊಟ್ಟಿದ್ದಾರೆ, ಮುಂದಿನ ರಜೆಯಲ್ಲಿ ಅಲ್ಲಿಗೆ ಹೋಗುತ್ತೇನೆ ಎಂದ. ರಜೆ ಬರುವ ಮೊದಲು ಆ ಸೀಮೆಯಲ್ಲಿ ಗಲಾಟೆ ಶುರುವಾಗಿ ದಾರಿ ಮುಚ್ಚಿತು. ಆಮೇಲೆ ಆತನ ಫೋನೂ ಸಿಗದೆ ಹೋಯಿತು.

ಮೇಲುಗಳು ಮಾತ್ರ ಬರುತ್ತಲೇ ಇದ್ದವು. ನಾನು ಹೇಳದೆ ಮುಚ್ಚಿಡೋಣ ಎಂದುಕೊಂಡರೂ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗುತ್ತಿತ್ತು. "ಇನ್ನೊಬ್ರು ನಂಬ್ಬುಟ್ರಾ?" ಎಂದು ಕೇಳಿ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದರು. "ಯಾಕೆ, ಬನ್ನು ತರಾಕಿಲ್ವಾ?" ಎಂದು ಅತ್ತೆ ಮೊದಮೊದಲು ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಮಾವನವರು ಖಾರ ಬನ್ನು ಮುಟ್ಟಿದ್ದನ್ನು ಆಮೇಲೆ ನಾವ್ಯಾರೂ ಕಾಣಲಿಲ್ಲ. ಕೊನೆಗೆ ಅವರೇ ಒಂದು ದಾರಿ ಹಿಡಿದರು. ಲೇಖನವನ್ನು ನಂಬಿದ ಒಬ್ಬೊಬ್ಬರ ವಿಳಾಸವನ್ನೂ ಹುಡುಕಿಸಿ, ತಪ್ಪಾಗಿದೆ ಎಂದು ನನ್ನ ಕೈಲಿ ಬರೆಸುವುದು. ಕೆಲವರು ಉತ್ತರ ಬರೆದರು, ಹೆಚ್ಚಿನವರು ಬರೆಯಲಿಲ್ಲ. ಒಬ್ಬ ಮಹಾಶಯ, ಇರಲಿ ಬಿಡಿ, ಪುಸ್ತಕ ಅಚ್ಚಾಗಿ ಹೋಗಿದೆ ಎಂದು ಬರೆದ. ನನಗೆ ಮೈಯೆಲ್ಲ ಉರಿದುಹೋಯಿತು. ಮಾವನವರು, "ಅವ್ನ ಬೈಬ್ಯಾಡ ಬುಡು, ನಾನೂ ಅಂಗೇ ಅಚ್ಚಾಕ್ಸಿದ್ನಲ್ಲ" ಎಂದರು.

ಆ ದಿನಗಳಲ್ಲೇ ನಾನು ಗಮನಿಸಿದ್ದು. ಅವರು ಬಾಯಿ ನೋಡುವುದನ್ನು ಬಿಟ್ಟಿದ್ದರು. ಹಾಲಿನವನು ಮಾತಾಡಿದರೆ ಅವನ ಕಣ್ಣು ನೋಡುತ್ತಿದ್ದರು. ತುಟಿಗಳು ಆಡುತ್ತಿರಲಿಲ್ಲ. ನನಗೆ ಅದು ಸೇರಲಿಲ್ಲ. ಬಾಯನ್ನೇ ನೋಡಲಿ, ನಾನು ಬೇಕಾದರೆ ಹಲ್ಲು ಸವರಿಕೊಳ್ಳುತ್ತೇನೆ ಎನ್ನಿಸುತ್ತಿತ್ತು.

ಮೂತ್ರಪಿಂಡದ ಕಾಯಿಲೆ ಬಲಿತು, ಆದಿಚುಂಚನಗಿರಿ ಕಡೆ ಆಸ್ಪತ್ರೆಯಲ್ಲಿ ಮಲಗಿಸಿದೆವು. ನರ್ಸುಗಳು ಚೆನ್ನಾಗಿ ನೋಡಿಕೊಂಡರು. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ, "ಫೋನ್ ಬಂತಾ?"

"ಇಲ್ಲ ಮಾವ."

"ಬಂದ್ರೆ ಮಗಳ್ನ ಕೇಳು ಅನ್ನವ್ವ."

ಪಕ್ಕದಲ್ಲಿ ಕೂತು ಅವರ ಕಾಲು ಒತ್ತುತ್ತಿದ್ದ ನಾದಿನಿ ತನ್ನನ್ನೇ ಕರೆದರೆಂದುಕೊಂಡು ಮೇಲೆ ಬಾಗಿ, "ಕೇಳು ಅಪ್ಪಯ್ಯ, ಇಲ್ಲೇ ಇವ್ನಿ, ಏನ್ ಕೇಳ್ತೀಯಾ ಕೇಳು" ಎಂದಳು. ಅವರು ಅವಳ ತಲೆ ಸವರಿದರು. ನಾನು ಸರಿಪಡಿಸಲು ಹೋಗಲಿಲ್ಲ. ಅದಾದ ಎರಡನೇ ಬೆಳಗ್ಗೆ ತೀರಿಕೊಂಡರು.

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬೂದಿ ಬಿಟ್ಟು ಬಂದೆವು. ಮದುವೆಯಾಗಿ ಹೋದ ಮಗಳೆಂದು ನಾದಿನಿಗೆ ಸೂತಕ ಮೂರು ದಿನಕ್ಕೇ ಕಳೆಯಿತು. ಅವಳು ಅಳುತ್ತಲೇ ಕೆ.ಆರ್.ಪೇಟೆಯ ಬಸ್ಸು ಹತ್ತಿದಳು. ಅವರ ಹೆಸರನ್ನು ಬಾಯ್ತುಂಬ ಹೇಳಬಲ್ಲವಳು ಹೊರಟುಹೋದಳು. ಹೇಳಲಾಗದ ನಾನು, ಅತ್ತೆ, ಚಿನಕುರಳಿ ಕಡೆಯ ಚಿಕ್ಕಮಾವನ ಮನೆಯವರು ಪೂರ್ತಿ ಕೂತೆವು. ಇದನ್ನು ಅವರಿಗೆ ಹೇಳಿದ್ದರೆ ಎಷ್ಟು ಖುಷಿಪಟ್ಟು ಚರ್ಚೆ ಮಾಡುತ್ತಿದ್ದರೋ ಎಂದು ಅನ್ನಿಸಿ ಆಗ ನನಗೆ ಅಳು ಬಂತು. ಅಲ್ಲಿಯ ತನಕ ಬಂದಿರಲಿಲ್ಲ.

ಪಿತೃಪಕ್ಷದಲ್ಲಿ ಎಡೆ ಇಡುವಾಗ ಅತ್ತೆ ಮುದ್ದೆ, ಅವರೆಕಾಳಿನ ಸಾರು, ಕಾಫಿಯ ಜೊತೆಗೆ ಒಂದು ಖಾರ ಬನ್ನನ್ನೂ ಇಟ್ಟರು. "ಬೇಡ ಅತ್ತೆ, ಅದನ್ನ ಅವರು ಬಿಟ್ಟಿದ್ದರು" ಎಂದೆ. "ಇರ್ಲ್ ಬುಡವ್ವ, ಎಷ್ಟ್ ಜಿನ ಅಂತ ಉಪಾಸ ಇದ್ದಾರು" ಎಂದರು ಅತ್ತೆ.

ಶಿಷ್ಯನಿಂದ ಇವತ್ತಿಗೂ ಸುದ್ದಿಯಿಲ್ಲ. ಆತ ಎಲ್ಲಿದ್ದರೂ ಚೆನ್ನಾಗಿರಲಿ. ಐದನೆಯ ಭಾಷೆ ಯಾರ ಮನೆಯದು ಎಂಬುದು ಹಾಗೇ ನಿಂತಿದೆ. ಆದರೆ ಮೇಲುಗಳು ನಿಂತಿಲ್ಲ. ಸತ್ತವರ ಲೇಖನವೆಂದು ಅವಕ್ಕೇನು ಗೊತ್ತು? ಮೊನ್ನೆ ಮತ್ತೊಂದು ಬಂತು. ಯಾರೋ ಓದುತ್ತಿರುವ ಹುಡುಗಿ, ಹೊರದೇಶದವಳು, ಐದನೆಯದು ಕುಟುಂಬಕ್ಕೆ ಸೇರಿದ್ದಲ್ಲ ಎಂದು ಮಾವನವರ ಮಾತನ್ನೇ ನಂಬಿ ಬರೆದಿದ್ದಾಳೆ. ನಾನು ಅಡುಗೆಮನೆಯ ಕೆಲಸ ಬಿಟ್ಟು ಬಂದು ಕೂತೆ. ನನ್ನ ಹರಕು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು:

"ತಂಗಿ, ನೀನು ನಂಬಿದ ಲೇಖನದಲ್ಲಿ ತಪ್ಪಿದೆ. ಆ ಪದಗಳನ್ನು ಸೊಸೆಯಿಂದ ಕೇಳಿ ಬರೆದುಕೊಂಡದ್ದು, ಮಾವ ಒಳಗೆ ಮಲಗಿದ್ದಾಗ. ಮಗಳನ್ನು ಕೇಳಬೇಕಿತ್ತು. ಆ ಭಾಷೆ ಯಾರಿಗೆ ಸೇರಿದ್ದು ಎಂದು ನಮಗೆ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಬರೆ, ಹೊರಗಿನದು ಎಂದು ಬರೆಯಬೇಡ. ನೀನು ಎಂದಾದರೂ ಆ ಕಡೆ ಹೋದರೆ, ಹೊಳೆಯಾಚೆ ಆ ಮನೆಯ ಮಗಳಿದ್ದಾಳೆ, ಹುಡುಕು. ಆಕೆಯ ಕಣ್ಣು ನೋಡಿ ಕೇಳು. ಲೇಖಕರು ಈಗಿಲ್ಲ. ಅವರು ಇದ್ದಾಗ ಅವರ ಹೆಸರನ್ನು ಬರೆದಾದರೂ ಕೊಡುತ್ತಿದ್ದೆ, ಈಗ ಅದೂ ನನ್ನಿಂದಾಗದು. ನಿನ್ನ ಬರಹದಲ್ಲೇ ಇದೆ, ನೋಡಿಕೋ. ಇಂತಿ, ಅವರ ಸೊಸೆ."